ರೇಡಿಯೇಷನ್ ಮುಗೀತು, ಗಂಟಲು ಕ್ಯಾನ್ಸರ್ ವಾಪಸ್ ಬರುತ್ತಾ ಅಂತ ಸ್ಕ್ಯಾನ್ ನೋಡಿ ಮುಂಚೇನೇ ಹೇಳ್ಬಹುದಾ?

ಅಪ್ಪನಮಗಳು:
ಎಲ್ರಿಗೂ ನಮಸ್ಕಾರ. ಅಪ್ಪಂಗೆ 61 ವರ್ಷ. ನಾಲಿಗೆ ಬುಡದಲ್ಲಿ ಗಡ್ಡೆ, ಕತ್ತಿನ ಎಡಗಡೆ ಎರಡು ಗಂಟು. 35 ಸಲ ರೇಡಿಯೇಷನ್ ಆಯ್ತು, ಒಟ್ಟು 70 ಗ್ರೇ (ರೇಡಿಯೇಷನ್ ಡೋಸ್‌ನ ಅಳತೆ), ಜೊತೆಗೆ ಮೂರು ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಕೀಮೋ. ಮುಗಿದು ಈಗ ಏಳು ವಾರ. ಪೆಟ್ ಸ್ಕ್ಯಾನ್ ಯಾವಾಗ ಅಂತ ಕೇಳಿದ್ರೆ ಹನ್ನೆರಡು ವಾರ ಆಗ್ಲಿ ಅಂತಾರೆ, ಅಷ್ಟು ದಿನ ಯಾಕೆ ಕಾಯ್ಬೇಕು, ಒಳಗೆ ಏನಾದ್ರೂ ಉಳ್ಕೊಂಡಿದ್ರೆ ಅದು ಐದು ವಾರದಲ್ಲಿ ಬೆಳ್ಕೊಂಡುಬಿಡಲ್ವಾ ಅಂತ ನಂಗೆ ರಾತ್ರಿ ನಿದ್ದೆ ಬರ್ತಿಲ್ಲ. ಎರಡನೇದು, ಚಿಕಿತ್ಸೆಗೆ ಮುಂಚೆ ತೆಗೆದ ಸ್ಕ್ಯಾನನ್ನೇ ಕಂಪ್ಯೂಟರ್‌ಗೆ ಕೊಟ್ರೆ ಯಾರಿಗೆ ಮರುಕಳಿಸುತ್ತೆ ಯಾರಿಗೆ ಇಲ್ಲ ಅಂತ ಹೇಳುತ್ತಂತೆ, ಹಾಗಂತ ಓದಿದೆ. ಅಪ್ಪನ ಹಳೇ ಸ್ಕ್ಯಾನ್ ಸಿಡಿ ನನ್ನ ಹತ್ರ ಇದೆ. ಅದನ್ನ ಯಾರಿಗಾದ್ರೂ ಕೊಟ್ಟು ಮಾಡ್ಸಬಹುದಾ? ಗೊತ್ತಿರೋರು ದಯವಿಟ್ಟು ಹೇಳಿ.

ಫಿಲಂರೂಮ್:
ನಾನು ರೇಡಿಯಾಲಜಿಯಲ್ಲಿದ್ದೀನಿ, ತಲೆ-ಕತ್ತಿನ ಸ್ಕ್ಯಾನ್ ಓದೋದೇ ದಿನದ ಕೆಲಸ. ಮೊದಲನೇ ಪ್ರಶ್ನೆ ಮಾತ್ರ ನಾನು ತಗೋತೀನಿ.

ಪೆಟ್ ಸ್ಕ್ಯಾನ್ ಕ್ಯಾನ್ಸರ್‌ನ ನೇರವಾಗಿ ತೋರಿಸಲ್ಲ. ಸಕ್ಕರೆ ಥರದ್ದೇ ಒಂದು ವಸ್ತುವಿಗೆ ಫ್ಲೋರಿನ್-18 ಅಂಟಿಸಿ ರಕ್ತಕ್ಕೆ ಬಿಡ್ತಾರೆ, ಅದನ್ನ ಎಫ್‌ಡಿಜಿ ಅಂತಾರೆ, ಮೈಯಲ್ಲಿ ಯಾವ ಜಾಗ ಸಕ್ಕರೆನ ಜಾಸ್ತಿ ಎಳ್ಕೊಳ್ಳುತ್ತೋ ಆ ಜಾಗ ಹೊಳೆಯುತ್ತೆ. ಕ್ಯಾನ್ಸರ್ ಕೋಶ ಜಾಸ್ತಿ ಎಳ್ಕೊಳ್ಳುತ್ತೆ, ಸರಿ. ಆದ್ರೆ ಗಾಯ ಮಾಯಿಸೋಕೆ ಬಂದ ಬಿಳಿ ರಕ್ತಕಣನೂ ಅಷ್ಟೇ ಹಸಿದಿರುತ್ತೆ. ಏಳು ವಾರ ರೇಡಿಯೇಷನ್ ತಗೊಂಡ ಗಂಟಲು ಒಳಗಿಂದ ಸುಟ್ಟ ಗಾಯ ಇದ್ದಂಗೆ, ಚಿಕಿತ್ಸೆ ನಿಂತ ಮೇಲೂ ವಾರಗಟ್ಟಲೆ ಆ ಉರಿಯೂತ ಇರುತ್ತೆ. ಒಲೆ ಆರಿಸಿದ ಮೇಲೂ ಬೂದಿ ಬಿಸಿ ಇರುತ್ತಲ್ಲ, ಆಗ ಕೈ ಇಟ್ಟು ನೋಡಿದ್ರೆ ಒಳಗೆ ಕೆಂಡ ಇದೆಯೋ ಬರೀ ಬಿಸಿ ಬೂದಿನೋ ಗೊತ್ತಾಗಲ್ಲ. ಉಲ್ಟಾನೂ ಆಗುತ್ತೆ, ಏಟು ತಿಂದ ಕ್ಯಾನ್ಸರ್ ಕೋಶ ಸ್ವಲ್ಪ ದಿನ ಸುಸ್ತಾಗಿ ಸಕ್ಕರೆ ಎಳೀದೇ ಇರಬಹುದು, ಆಗ ಇದ್ದದ್ದೇ ಕಾಣಲ್ಲ. ಹನ್ನೆರಡು ವಾರ ಅನ್ನೋದು ಇವೆರಡನ್ನೂ ತೂಗಿ ಬಂದ ಲೆಕ್ಕ.

ಈ ಲೆಕ್ಕಕ್ಕೆ ದೊಡ್ಡ ಆಧಾರ ಬ್ರಿಟನ್‌ನಲ್ಲಿ ನಡೆದ ಪೆಟ್-ನೆಕ್ ಅನ್ನೋ ಟ್ರಯಲ್, 2016ರಲ್ಲಿ ಫಲಿತಾಂಶ ಬಂತು. ಅದಕ್ಕೂ ಮುಂಚೆ ಕತ್ತಲ್ಲಿ ದೊಡ್ಡ ಗಂಟು ಇದ್ದೋರಿಗೆ ರೇಡಿಯೇಷನ್ ಆದ್ಮೇಲೆ ಯಾವುದಕ್ಕೂ ಇರ್ಲಿ ಅಂತ ಕತ್ತಿನ ಆಪರೇಷನ್ ಮಾಡಿಬಿಡ್ತಿದ್ರು. ಇವರು 564 ಜನರನ್ನ ತಗೊಂಡು ಅರ್ಧ ಜನಕ್ಕೆ ಆಪರೇಷನ್, ಇನ್ನರ್ಧಕ್ಕೆ 12 ವಾರಕ್ಕೆ ಪೆಟ್-ಸಿಟಿ ಮಾಡಿ ಬೇಕು ಅನ್ಸಿದವರಿಗೆ ಮಾತ್ರ ಆಪರೇಷನ್ ಅಂತ ಹಂಚಿದ್ರು. ಎರಡು ವರ್ಷದ ಹೊತ್ತಿಗೆ ಬದುಕಿದ್ದವರು ಸ್ಕ್ಯಾನ್ ಗುಂಪಲ್ಲಿ 84.9%, ಆಪರೇಷನ್ ಗುಂಪಲ್ಲಿ 81.5%. ಆಪರೇಷನ್ ಸಂಖ್ಯೆ ಮಾತ್ರ 221ರ ಬದಲು 54. ಅಂದ್ರೆ ಎಷ್ಟೋ ಜನ ಕತ್ತು ಕುಯ್ಸಿಕೊಳ್ಳದೇನೇ ಅಷ್ಟೇ ಚೆನ್ನಾಗಿದ್ರು. ನಿಮ್ಮ ಡಾಕ್ಟರ್ ಕಾಯಿ ಅಂದಿದ್ದು ಉದಾಸೀನದಿಂದ ಅಲ್ಲ ತಾಯಿ.

ಕಾಯ್ತಿರೋನು:
ಇದನ್ನ ನಾನು ಎರಡು ವರ್ಷದ ಹಿಂದೆ ಓದಿರ್ಬೇಕಿತ್ತು. ನನ್ನ ಹೆಂಡತಿಗೆ ಆರನೇ ವಾರಕ್ಕೇ ಸ್ಕ್ಯಾನ್ ಮಾಡಿಸ್ದೆ, ಡಾಕ್ಟರ್ ಬೇಡ ಅಂದ್ರೂ ಬೇರೆ ಕಡೆ ಹೋಗಿ ಮಾಡಿಸ್ದೆ. ಟಾನ್ಸಿಲ್ ಜಾಗ ಪೂರ್ತಿ ಹೊಳೀತು. ಆ ಕಡೆಯವ್ರು ಉಳ್ಕೊಂಡಿರಬಹುದು ಅಂತ ಬರೆದು ಕೊಟ್ರು. ಬಯಾಪ್ಸಿ ಆಯ್ತು, ಏನೂ ಇರಲಿಲ್ಲ. ಆದ್ರೆ ರೇಡಿಯೇಷನ್ ತಿಂದ ಜಾಗಕ್ಕೆ ಹಾಕಿದ ಗಾಯ ಮಾಯೋಕೆ ನಾಲ್ಕು ತಿಂಗಳು ಹಿಡೀತು, ಅಷ್ಟೂ ದಿನ ಅವಳು ಮೂಗಿನ ಕೊಳವೇಲೇ ಊಟ. ನನ್ನ ಆತುರಕ್ಕೆ ಅವಳು ಅನುಭವಿಸಿದ್ಲು. ನೀವು ಐದು ವಾರ ಕಾಯಿರಿ ಅಮ್ಮ.

ಸ್ಕ್ಯಾನ್‌ಕೋಣೆ:
ನಾನು ನ್ಯೂಕ್ಲಿಯರ್ ಮೆಡಿಸಿನ್ ಟೆಕ್ನಾಲಜಿಸ್ಟ್, ಇಂಜೆಕ್ಷನ್ ಕೊಟ್ಟು ಮಲಗಿಸೋಳು ನಾನೇ. ಸ್ಕ್ಯಾನ್ ದಿನದ ಬಗ್ಗೆ ಒಂದೆರಡು ಮಾತು, ಯಾಕಂದ್ರೆ ಗಂಟಲು ಸ್ಕ್ಯಾನ್ ಕೆಡೋದು ಸಣ್ಣ ಸಣ್ಣ ವಿಷಯಕ್ಕೆ. ಇಂಜೆಕ್ಷನ್ ಆದ್ಮೇಲೆ ಸುಮಾರು ಒಂದು ಗಂಟೆ ಸುಮ್ನೆ ಕೂತಿರ್ಬೇಕು. ಸುಮ್ನೆ ಅಂದ್ರೆ ನಿಜವಾಗ್ಲೂ ಸುಮ್ನೆ, ಫೋನಲ್ಲಿ ಮಾತಾಡೋದು, ಏನಾದ್ರೂ ಅಗಿಯೋದು, ಪದೇಪದೇ ಗಂಟಲು ಸರಿ ಮಾಡ್ಕೊಳ್ಳೋದು ಯಾವುದೂ ಬೇಡ. ಮಾತಾಡಿದ್ರೆ ಸ್ವರತಂತು ಕೆಲಸ ಮಾಡಿ ಸಕ್ಕರೆ ಎಳ್ಕೊಂಡು ಹೊಳೆಯುತ್ತೆ, ಓದೋರಿಗೆ ಗೊಂದಲ. ಒಂದು ಕಡೆ ಸ್ವರತಂತು ಪಾರ್ಶ್ವವಾಯು ಆಗಿದ್ರೆ ಇನ್ನೊಂದು ಕಡೆದು ಇಬ್ಬರ ಕೆಲಸ ಒಂದೇ ಮಾಡಿ ಜಾಸ್ತಿ ಹೊಳೆಯುತ್ತೆ, ಅದನ್ನ ಗಡ್ಡೆ ಅಂತ ತಿಳ್ಕೊಂಡ ಉದಾಹರಣೆಗಳಿವೆ, ಹಾಗಾಗಿ ಅಂಥದ್ದೇನಾದ್ರೂ ಇದ್ರೆ ಮುಂಚೆನೇ ಹೇಳಿ. ಶುಗರ್ ಇದ್ರೆ ಮಾತ್ರೆ, ಇನ್ಸುಲಿನ್ ಯಾವಾಗ ತಗೋಬೇಕು ಅಂತ ಅಪಾಯಿಂಟ್‌ಮೆಂಟ್ ಕೊಡುವಾಗ್ಲೇ ಕೇಳಿ, ರಕ್ತದಲ್ಲಿ ಸಕ್ಕರೆ ಜಾಸ್ತಿ ಇದ್ರೆ ನಾವು ಕೊಟ್ಟ ಸಕ್ಕರೆಗೆ ಒಳಗೆ ಹೋಗೋಕೆ ಜಾಗ ಸಿಗಲ್ಲ, ಚಿತ್ರ ಮಂಕಾಗುತ್ತೆ. ಮತ್ತೆ ಹೊತ್ತಿಗೆ ಸರಿಯಾಗಿ ಬನ್ನಿ, ಫ್ಲೋರಿನ್-18 ಪ್ರತಿ 110 ನಿಮಿಷಕ್ಕೆ ಅರ್ಧ ಆಗ್ತಾ ಹೋಗುತ್ತೆ, ನಿಮಗೋಸ್ಕರ ಅಳೆದು ಇಟ್ಟ ಡೋಸ್ ಕಾಯ್ತಾ ಕೂರಲ್ಲ.

ಹಳೇ ಸಿಡಿ ಇದೆ ಅಂದ್ರಲ್ಲ, ಅದನ್ನ ಸ್ಕ್ಯಾನ್ ದಿನ ತನ್ನಿ. ಹಳೇದರ ಪಕ್ಕ ಇಟ್ಟು ನೋಡಿದ್ರೆ ಓದೋರಿಗೆ ಎಷ್ಟು ಸುಲಭ ಆಗುತ್ತೆ ಅಂತ ಹೇಳೋಕಾಗಲ್ಲ.

ಅಪ್ಪನಮಗಳು:
ಎಲ್ರಿಗೂ ತುಂಬ ಥ್ಯಾಂಕ್ಸ್. ಅಪ್ಪ ಮಾತಾಡದೇ ಒಂದು ಗಂಟೆ ಕೂರೋದು ಕಷ್ಟ, ಆದ್ರೂ ಕೂರಿಸ್ತೀನಿ. ಕಂಪ್ಯೂಟರ್ ವಿಷಯ ಯಾರಾದ್ರೂ ಹೇಳ್ತೀರಾ?

ಅಂಕಿಗಣಿ:
ನಾನು ಹೇಳ್ತೀನಿ, ನಾಲ್ಕು ವರ್ಷದಿಂದ ಇದೇ ಕೆಲಸ, ತಲೆ-ಕತ್ತಿನ ಸ್ಕ್ಯಾನ್ ಇಟ್ಕೊಂಡು ಮುಂದೇನಾಗುತ್ತೆ ಅಂತ ಊಹಿಸೋ ಕಂಪ್ಯೂಟರ್ ಮಾಡೆಲ್ ಕಟ್ಟೋದು. ಸ್ವಲ್ಪ ಉದ್ದ ಆಗುತ್ತೆ.

ಇದಕ್ಕೆ ರೇಡಿಯೋಮಿಕ್ಸ್ ಅಂತ ಹೆಸರು. ಗಡ್ಡೆ ಸುತ್ತ ಗೆರೆ ಎಳೆದು ಅದರೊಳಗಿನ ಬೂದು ಬಣ್ಣದ ಏರಿಳಿತ, ಆಕಾರ, ಒರಟುತನ ಇವನ್ನೆಲ್ಲ ನೂರಾರು ಅಂಕಿಗಳಾಗಿ ಮಾಡಿ, ಯಾವ ಅಂಕಿ ಇದ್ದವರಿಗೆ ಮುಂದೆ ಏನಾಯ್ತು ಅಂತ ಹೊಂದಿಸಿ ನೋಡೋದು. 2014ರಲ್ಲಿ ಶ್ವಾಸಕೋಶ ಮತ್ತೆ ತಲೆ-ಕತ್ತು ಕ್ಯಾನ್ಸರ್‌ನ 1,019 ಜನರ ಸಿಟಿ ಇಟ್ಕೊಂಡು 440 ಲಕ್ಷಣ ತೆಗೆದು ಒಂದು ಪೇಪರ್ ಬಂತು, ಗಡ್ಡೆಯ ಒಳಗಿನ ವಿನ್ಯಾಸವೇ ರೋಗಿ ಎಷ್ಟು ಕಾಲ ಬದುಕ್ತಾರೆ ಅನ್ನೋದರ ಸುಳಿವು ಕೊಡುತ್ತೆ ಅಂತ. ಇಡೀ ಕ್ಷೇತ್ರ ಅದರ ಹಿಂದೆ ಓಡ್ತು. ಆಮೇಲೆ 2019ರಲ್ಲಿ ಟೊರಾಂಟೋದ ಒಂದು ತಂಡ ಕೂತು ಅದೇ ಲೆಕ್ಕಾನ ಮತ್ತೆ ಮಾಡ್ತು. ಅವರು ಮಾಡಿದ ಒಂದು ಪರೀಕ್ಷೆ ನಂಗೆ ಇವತ್ತಿಗೂ ಮರೆಯೋಕಾಗಿಲ್ಲ. ಗಡ್ಡೆಯೊಳಗಿನ ಚುಕ್ಕಿಗಳ ಬೆಲೆನೆಲ್ಲ ಅಡ್ಡಾದಿಡ್ಡಿ ಕಲಸಿಬಿಟ್ರು, ವಿನ್ಯಾಸ ಅನ್ನೋದೇ ಇಲ್ಲದಂಗೆ. ಆದ್ರೂ ಮಾಡೆಲ್ ಮುಂಚಿನಷ್ಟೇ ಚೆನ್ನಾಗಿ ಹೇಳ್ತಿತ್ತು! ಅಂದ್ರೆ ಅದು ಓದ್ತಿದ್ದದ್ದು ವಿನ್ಯಾಸ ಅಲ್ಲವೇ ಅಲ್ಲ, ಗಡ್ಡೆ ಎಷ್ಟು ದೊಡ್ಡದು ಅನ್ನೋದನ್ನ. ಗಡ್ಡೆ ದೊಡ್ಡದಿದ್ರೆ ಮರುಕಳಿಸೋ ಸಾಧ್ಯತೆ ಜಾಸ್ತಿ ಅನ್ನೋದು ಡಾಕ್ಟರ್‌ಗಳಿಗೆ ಎಷ್ಟೋ ಕಾಲದಿಂದ ಗೊತ್ತು.

ಅದಾದ ಮೇಲೆ ಅಲ್ಲೇ 2,552 ರೋಗಿಗಳ ದತ್ತಾಂಶ ಇಟ್ಟು ಬೇರೆ ಬೇರೆ ತಂಡಗಳಿಗೆ ಸ್ಪರ್ಧೆ ಥರ ಕೊಟ್ರು. ದೊಡ್ಡ ದೊಡ್ಡ ಡೀಪ್ ಲರ್ನಿಂಗ್ ಮಾಡೆಲ್‌ಗಳೂ ಬಂದ್ವು, ಗೆದ್ದದ್ದು ಮಾತ್ರ ರೋಗಿಯ ವಯಸ್ಸು, ಹಂತ, ಎಚ್‌ಪಿವಿ (ಕೆಲವು ಗಂಟಲು ಕ್ಯಾನ್ಸರ್‌ಗೆ ಕಾರಣ ಆಗೋ ವೈರಸ್) ಥರದ ಮಾಹಿತಿ ಜೊತೆ ಗಡ್ಡೆಯ ಗಾತ್ರ ಸೇರಿಸಿ ಲೆಕ್ಕ ಹಾಕಿದ ಮಾಡೆಲ್. ಹೆಕ್ಟರ್ ಅಂತ ಇನ್ನೊಂದು ಸ್ಪರ್ಧೆ ಇದೆ, ಗಂಟಲು ಕ್ಯಾನ್ಸರ್‌ನ ಪೆಟ್-ಸಿಟಿ ಇಟ್ಟು ಮರುಕಳಿಸೋದನ್ನ ಊಹಿಸೋದೇ ಅದರ ಒಂದು ಭಾಗ. 2022ರಲ್ಲಿ 9 ಕೇಂದ್ರಗಳ 883 ಜನರ ಸ್ಕ್ಯಾನ್ ಇತ್ತು. ಗೆದ್ದ ತಂಡದ ಅಂಕ ಸುಮಾರು 0.68. ಈ ಅಂಕದ ಅರ್ಥ ಏನಂದ್ರೆ, ಇಬ್ಬರು ರೋಗಿಗಳನ್ನ ಮುಂದಿಟ್ಟು ಇವರಲ್ಲಿ ಯಾರಿಗೆ ಮೊದಲು ವಾಪಸ್ ಬರುತ್ತೆ ಅಂತ ಕೇಳಿದ್ರೆ ನೂರಕ್ಕೆ 68 ಸಲ ಸರಿ ಹೇಳುತ್ತೆ. ನಾಣ್ಯ ಚಿಮ್ಮಿದ್ರೆ 50 ಸಲ ಸರಿ. ಸಾವಿರ ಜನರ ಗುಂಪನ್ನ ಹೆಚ್ಚು ಅಪಾಯ, ಕಮ್ಮಿ ಅಪಾಯ ಅಂತ ವಿಂಗಡಿಸಿ ಟ್ರಯಲ್ ಮಾಡೋಕೆ ಇದು ಉಪಯೋಗ. ಆದ್ರೆ ನಿಮ್ಮ ಅಪ್ಪ ಒಬ್ಬರನ್ನ ಕೂರಿಸ್ಕೊಂಡು ನಿಮಗೆ ಬರುತ್ತೆ, ನಿಮಗೆ ಬರಲ್ಲ ಅಂತ ಹೇಳೋ ಧೈರ್ಯ ನಂಗಂತೂ ಇಲ್ಲ, ನಾನೇ ಕಟ್ಟಿದ ಮಾಡೆಲ್ ಆದ್ರೂ.

ಇನ್ನೊಂದು, ಹಲ್ಲಿಗೆ ಬೆಳ್ಳಿ ತುಂಬಿಸ್ಕೊಂಡಿದ್ರೆ ಸಿಟಿಯಲ್ಲಿ ಅದರಿಂದ ಗೆರೆ ಗೆರೆ ಹರಡ್ಕೊಂಡು ನಾಲಿಗೆ ಬುಡದ ಮೇಲೆ ಬೀಳುತ್ತೆ. ಮನುಷ್ಯನ ಕಣ್ಣು ಅದನ್ನ ಬಿಟ್ಟು ನೋಡುತ್ತೆ, ಮಾಡೆಲ್ ಅದನ್ನೂ ಗಡ್ಡೆಯ ಗುಣ ಅಂತ ಎಣಿಸ್ಕೊಳ್ಳುತ್ತೆ. ಒಂದು ಕಡೆ ಮೆಷಿನ್‌ನಲ್ಲಿ ಕಲಿತ ಮಾಡೆಲ್ ಇನ್ನೊಂದು ಕಂಪನಿ ಮೆಷಿನ್ ಚಿತ್ರ ಕೊಟ್ಟ ತಕ್ಷಣ ಎಡವೋದು ಇಂಥ ಕಾರಣಕ್ಕೇ. ಸಿಡಿನ ಯಾರಿಗೂ ದುಡ್ಡು ಕೊಟ್ಟು ಮಾಡಿಸ್ಬೇಡಿ.

ಡೋಸ್‌ಲೆಕ್ಕ:
ಅಂಕಿಗಣಿ ಹೇಳಿದ್ದು ಸರಿ, ಆದ್ರೆ ಇಷ್ಟಕ್ಕೇ ನಿಲ್ಲಿಸಿದ್ರೆ ಚಿತ್ರದಿಂದ ಏನೂ ಗೊತ್ತಾಗಲ್ಲ ಅನ್ನೋ ಅರ್ಥ ಬಂದುಬಿಡುತ್ತೆ, ಅದಕ್ಕೆ ಬರೀತಿದ್ದೀನಿ. ನಾನು ಮೆಡಿಕಲ್ ಫಿಸಿಸಿಸ್ಟ್, ರೇಡಿಯೇಷನ್ ಪ್ಲಾನ್ ಮಾಡೋನು.

ರೇಡಿಯೇಷನ್ ಆದ್ಮೇಲೆ ಗಂಟಲಲ್ಲಿ ಮರುಕಳಿಸಿದ ಗಡ್ಡೆಗಳನ್ನ ಹಳೇ ಪ್ಲಾನ್ ಮೇಲೆ ಇಟ್ಟು ನೋಡಿದ್ರೆ ಹೆಚ್ಚಿನವು ಪೂರ್ತಿ ಡೋಸ್ ಬಿದ್ದ ಜಾಗದೊಳಗೇ ಇರ್ತವೆ. ಅಂದ್ರೆ ನಾವು ಗುರಿ ತಪ್ಪಿರಲಿಲ್ಲ, ಆ ಜಾಗದ ಕೋಶಗಳು 70 ಗ್ರೇ ತಿಂದೂ ಬದುಕಿದ್ವು. ಯಾಕೆ ಬದುಕಿದ್ವು ಅನ್ನೋದರಲ್ಲಿ ಒಂದು ದೊಡ್ಡ ಕಾರಣ ಆಮ್ಲಜನಕ. ರೇಡಿಯೇಷನ್ ಕೋಶದ ಡಿಎನ್‌ಎ ಮುರಿದಾಗ ಆ ಮುರಿತ ಹಾಗೇ ಗಟ್ಟಿ ಆಗೋಕೆ ಆಮ್ಲಜನಕ ಬೇಕು. ಗಡ್ಡೆ ಬೇಗ ಬೇಗ ಬೆಳೆಯುವಾಗ ರಕ್ತನಾಳ ಅಡ್ಡಾದಿಡ್ಡಿ ಬೆಳ್ಕೊಂಡು ಒಳಗಿನ ಕೆಲವು ಕಡೆ ಉಸಿರು ಕಟ್ಟಿದಂಗಿರುತ್ತೆ, ಅಂಥ ಕಡೆ ಅದೇ ಪರಿಣಾಮಕ್ಕೆ ಎರಡೂವರೆಯಿಂದ ಮೂರು ಪಟ್ಟು ಡೋಸ್ ಬೇಕಾಗುತ್ತೆ. ಇದು 1950ರ ದಶಕದಿಂದಲೇ ಗೊತ್ತಿರೋ ವಿಷಯ. ಇದನ್ನ ನೋಡೋಕೆ ಚಿತ್ರಗಳಿವೆ. ಎಫ್‌ಮಿಸೋ ಅನ್ನೋ ಬೇರೆ ಪೆಟ್ ಔಷಧಿ ಆಮ್ಲಜನಕ ಇಲ್ಲದ ಜಾಗದಲ್ಲೇ ಸಿಕ್ಕಿಹಾಕ್ಕೊಂಡು ಹೊಳೆಯುತ್ತೆ. ಎಂಆರ್‌ಐಯಲ್ಲಿ ಕಾಂಟ್ರಾಸ್ಟ್ ಬಿಟ್ಟು ಅದು ಗಡ್ಡೆಯೊಳಗೆ ಎಷ್ಟು ಬೇಗ ಹೋಗಿ ಎಷ್ಟು ಬೇಗ ಬರುತ್ತೆ ಅಂತ ಅಳೆದ್ರೆ ರಕ್ತ ಹರಿಯೋದು ಗೊತ್ತಾಗುತ್ತೆ. ರಕ್ತ ಸರಿಯಾಗಿ ಹೋಗದ ಗಡ್ಡೆ ರೇಡಿಯೇಷನ್‌ಗೂ ಬಗ್ಗಲ್ಲ, ಕೀಮೋನೂ ಅಲ್ಲಿಗೆ ತಲುಪಲ್ಲ.

ನಂಗೆ ಎಲ್ಲಕ್ಕಿಂತ ಇಷ್ಟ ಆಗೋದು ಡಿಫ್ಯೂಷನ್ ಎಂಆರ್‌ಐ. ಇದಕ್ಕೆ ಇಂಜೆಕ್ಷನ್ನೂ ಬೇಡ. ನೀರಿನ ಕಣ ಎಷ್ಟು ಆರಾಮಾಗಿ ಓಡಾಡ್ತಿದೆ ಅಂತ ಅಳೆಯೋದು ಅಷ್ಟೇ. ಕ್ಯಾನ್ಸರ್ ಕೋಶಗಳು ಒತ್ತೊತ್ತಾಗಿ ತುಂಬ್ಕೊಂಡಿದ್ರೆ ನೀರಿಗೆ ಓಡಾಡೋಕೆ ಜಾಗ ಇರಲ್ಲ, ಎಡಿಸಿ ಅನ್ನೋ ಅಂಕಿ ಕಮ್ಮಿ ಬರುತ್ತೆ. ಕೋಶ ಸಾಯ್ತಾ ಹೋದಂಗೆ ಸಂದು ಬಿಡುತ್ತೆ, ಅಂಕಿ ಏರುತ್ತೆ. ರೇಡಿಯೇಷನ್ ನಡೀತಿರುವಾಗ್ಲೇ, ಎರಡನೇ ಮೂರನೇ ವಾರದಲ್ಲೇ ಈ ಅಂಕಿ ಚೆನ್ನಾಗಿ ಏರಿದವರಲ್ಲಿ ಗಡ್ಡೆ ಹತೋಟಿಗೆ ಬರೋದು ಜಾಸ್ತಿ, ಏರದೇ ಕೂತವರಲ್ಲಿ ಮರುಕಳಿಸೋದು ಜಾಸ್ತಿ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ. ಗಡ್ಡೆ ಹೊರಗಿನಿಂದ ಇನ್ನೂ ಅಷ್ಟೇ ದೊಡ್ಡದು ಕಾಣ್ತಿರುತ್ತೆ, ಒಳಗೆ ಬದಲಾವಣೆ ಶುರು ಆಗಿರುತ್ತೆ. ಒಂದೇ ದಿನದ ಫೋಟೋ ನೋಡಿ ಭವಿಷ್ಯ ಹೇಳೋದಕ್ಕಿಂತ ಎರಡು ಫೋಟೋ ನಡುವೆ ಏನು ಬದಲಾಯ್ತು ಅಂತ ನೋಡೋದ್ರಲ್ಲಿ ನಂಗೆ ಜಾಸ್ತಿ ನಂಬಿಕೆ.

ಅಂಕಿಗಣಿ:
ಎರಡು ಫೋಟೋ ನಡುವಿನ ಬದಲಾವಣೆ ವಿಷಯ ನಾನೂ ಪೂರ್ತಿ ಒಪ್ತೀನಿ. ಒಂದೇ ತಕರಾರು, ಎಡಿಸಿ ಅಂಕಿ ಮೆಷಿನ್ನಿಂದ ಮೆಷಿನ್‌ಗೆ ಬದಲಾಗುತ್ತೆ, ಉಗುಳು ನುಂಗಿದ್ರೆ, ಉಸಿರಾಡುವಾಗ ಗಂಟಲು ಅಲ್ಲಾಡಿದ್ರೆ ಬದಲಾಗುತ್ತೆ. ಹಾಗಾಗಿ ಇದಕ್ಕಿಂತ ಕಮ್ಮಿ ಇದ್ರೆ ಅಪಾಯ ಅಂತ ಎಲ್ರಿಗೂ ಒಂದೇ ಗೆರೆ ಎಳೆಯೋಕಾಗಿಲ್ಲ. ಅದೇ ಮೆಷಿನ್, ಅದೇ ರೋಗಿ, ಅದೇ ವಿಧಾನ ಅಂದಾಗ ಮಾತ್ರ ಹೋಲಿಕೆಗೆ ಬೆಲೆ.

ಡೋಸ್‌ಲೆಕ್ಕ:
ಹೌದು, ಅದು ನಿಜ.

ಕಾಯ್ತಿರೋನು:
ಒಂದು ಕೇಳ್ತೀನಿ, ತಪ್ಪು ತಿಳ್ಕೋಬೇಡಿ. ಮೂರನೇ ವಾರಕ್ಕೇ ಈ ಗಡ್ಡೆ ಬಗ್ತಿಲ್ಲ ಅಂತ ಗೊತ್ತಾದ್ರೆ ಏನು ಮಾಡ್ತೀರಿ? ಡೋಸ್ ಜಾಸ್ತಿ ಮಾಡ್ತೀರಾ? ಏನೂ ಮಾಡೋಕಾಗಲ್ಲ ಅಂದ್ರೆ ಮುಂಚೆ ಗೊತ್ತಾಗಿ ಆ ಮನೆಯವರು ಏನು ಮಾಡ್ಬೇಕು, ಅಷ್ಟು ದಿನ ಜಾಸ್ತಿ ಅಳ್ಬೇಕು ಅಷ್ಟೇ ಅಲ್ವಾ.

ಡೋಸ್‌ಲೆಕ್ಕ:
ಈ ಪ್ರಶ್ನೆ ನಮ್ಮ ವಿಭಾಗದಲ್ಲೂ ಪ್ರತಿ ಸಲ ಬರುತ್ತೆ. ಡೋಸ್ ಜಾಸ್ತಿ ಮಾಡಿ ನೋಡಿದ್ದಾರೆ. ಬ್ರಿಟನ್‌ನಲ್ಲೇ ಆರ್ಟ್‌ಡೆಕೋ ಅಂತ, ಸ್ವರಪೆಟ್ಟಿಗೆ ಮತ್ತೆ ಅದರ ಹಿಂದಿನ ಗಂಟಲಿನ ಕ್ಯಾನ್ಸರ್ ಇದ್ದ 276 ಜನರನ್ನ ತಗೊಂಡು ಅರ್ಧ ಜನಕ್ಕೆ ಗಡ್ಡೆಗೆ ಬೀಳೋ ಡೋಸ್ ಏರಿಸಿದ್ರು, ಗಡ್ಡೆ ಹತೋಟಿ ಏನೂ ಸುಧಾರಿಸಲಿಲ್ಲ. ಸುಮ್ನೆ ಎಲ್ರಿಗೂ ಜಾಸ್ತಿ ಕೊಟ್ರೆ ಲಾಭ ಇಲ್ಲ ಅಂತ ಗೊತ್ತಾಯ್ತು.

ಲಾಭ ಕಾಣ್ತಿರೋದು ಉಲ್ಟಾ ದಿಕ್ಕಲ್ಲಿ. ನ್ಯೂಯಾರ್ಕ್‌ನ ಸ್ಲೋನ್ ಕೆಟರಿಂಗ್‌ನಲ್ಲಿ ಎಚ್‌ಪಿವಿಯಿಂದ ಬಂದ ಗಂಟಲು ಕ್ಯಾನ್ಸರ್‌ನ 19 ಜನಕ್ಕೆ ಮೊದಲು ಗಂಟಲಿನ ಗಡ್ಡೆ ಆಪರೇಷನ್ ಮಾಡಿ, ಕತ್ತಿನ ಗಂಟಿಗೆ ಎಫ್‌ಮಿಸೋ ಪೆಟ್ ಮಾಡ್ತಾ ಹೋದ್ರು. ಉಸಿರು ಕಟ್ಟಿದ ಜಾಗ ಮೊದಲಿಂದಲೇ ಇಲ್ಲದವರು, ಚಿಕಿತ್ಸೆ ಶುರುವಾದ್ಮೇಲೆ ಮಾಯವಾದವರು ಸೇರಿ 15 ಜನಕ್ಕೆ 70ರ ಬದಲು ಬರೀ 30 ಗ್ರೇ ಕೊಟ್ಟು ನಿಲ್ಲಿಸಿದ್ರು. 2021ರಲ್ಲಿ ಬರೆದ್ರು. ಇದು ಟ್ರಯಲ್ ಒಳಗೆ ಮಾತ್ರ ಮಾಡೋ ಕೆಲಸ, ಆಯ್ದ ರೋಗಿಗಳಿಗೆ ಮಾತ್ರ. ಆದ್ರೂ 70ರ ಕಡೆ 30 ಅಂದ್ರೆ ಏನು ಅಂತ ಇಲ್ಲಿ ಉಗುಳು ಬತ್ತಿ ಹೋದವರಿಗೆ, ನುಂಗೋಕಾಗದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಯಾರಿಗೆ ಜಾಸ್ತಿ ಬೇಕು ಅನ್ನೋದಕ್ಕಿಂತ ಯಾರಿಗೆ ಇಷ್ಟೊಂದು ಬೇಕಾಗಿಲ್ಲ ಅಂತ ಚಿತ್ರ ಹೇಳಿದ್ರೆ ಅದೇ ದೊಡ್ಡ ಉಪಕಾರ.

ಬಗ್ಗದ ಗಡ್ಡೆ ವಿಷಯದಲ್ಲೂ ಮುಂಚೆ ಗೊತ್ತಾಗೋದಕ್ಕೆ ಅರ್ಥ ಇದೆ ಸರ್. ಮರುಕಳಿಸಿದ್ದು ಸಣ್ಣದಿದ್ದಾಗ ಸಿಕ್ರೆ ಆಪರೇಷನ್ ಮಾಡೋ ದಾರಿ ತೆರೆದಿರುತ್ತೆ, ಕುತ್ತಿಗೆಯ ದೊಡ್ಡ ರಕ್ತನಾಳ ಸುತ್ತಿಕೊಂಡ ಮೇಲೆ ಆ ದಾರಿ ಮುಚ್ಚಿಹೋಗುತ್ತೆ.

ಐದನೇವರ್ಷ:
ನಾನೂ ಒಂದು ಮಾತ ಹೇಳ್ತೇನ್ರಿ. ನಂದು ಸ್ವರಪೆಟ್ಟಿಗಿ ಕ್ಯಾನ್ಸರ್, ರೇಡಿಯೇಷನ್ ಮುಗದು ಐದನೇ ವರ್ಷ ನಡದೈತಿ. ಎಂಟನೇ ತಿಂಗಳದಾಗ ದನಿ ಮತ್ತ ಗೊಗ್ಗರಾತು, ನುಂಗಿದ್ರ ಕಿವಿಗೆ ಚಳಕ್ ಅಂತಿತ್ತು. ಕ್ಯಾಮೆರಾ ಹಾಕಿ ನೋಡಿದ್ರ ಒಳಗ ಬರೇ ಬಾವು, ಏನೂ ಸರಿಯಾಗಿ ಕಾಣವಲ್ದು. ಪೆಟ್ ಮಾಡಿದ್ರು, ಎಲುಬಿನಂಥ ಮೆತ್ತಗಿನ ಭಾಗ ಇರ್ತೈತೆಲ್ರಿ, ಕಾರ್ಟಿಲೇಜ್, ಅದರ ಮ್ಯಾಲ ದೀಪ ಹಚ್ಚಿದಂಗ ಹೊಳೀತು. ಎಸ್‌ಯುವಿ, ಅಂದ್ರ ಎಷ್ಟು ಹೊಳೀತೈತಿ ಅನ್ನೋ ಅಳತಿ, ಹತ್ತು ಅಂತ ರಿಪೋರ್ಟ್‌ನ್ಯಾಗ ಇತ್ತು. ಆ ಹತ್ತು ಅನ್ನೋ ಅಂಕಿ ನೋಡಿ ನಮ್ಮ ಮನಿಯಾಗ ಮೂರು ದಿವಸ ಯಾರೂ ಮಾತಾಡಲಿಲ್ಲ. ಒಬ್ರು ಡಾಕ್ಟರ್ ಪೆಟ್ಟಿಗಿ ಪೂರ್ತಿ ತಗದ್ಬಿಡೋಣ ಅಂದ್ರು. ಇನ್ನೊಬ್ರು ತಡೀರಿ, ಮೊದಲ ತುಣುಕು ತಗದು ನೋಡೂಣು ಅಂದ್ರು. ಎರಡು ಸಲ ಮಂಪರು ಕೊಟ್ಟು ತುಣುಕು ತಗದ್ರು, ಎರಡೂ ಸಲ ಕ್ಯಾನ್ಸರ್ ಇಲ್ಲ. ರೇಡಿಯೇಷನ್ನಿಗೆ ಕಾರ್ಟಿಲೇಜ್ ಸತ್ತು ಸೋಂಕು ಆಗಿತ್ತು. ಆಂಟಿಬಯೋಟಿಕ್, ಹೈಪರ್‌ಬಾರಿಕ್ ಆಕ್ಸಿಜನ್ (ಒತ್ತಡದ ಕೋಣಿಯಾಗ ಕೂಡಿಸಿ ಕೊಡೋ ಆಮ್ಲಜನಕ) ಅಂತ ನಾಲ್ಕೈದು ತಿಂಗಳು ಹೋತು, ಪೆಟ್ಟಿಗಿ ಉಳೀತು, ಇವತ್ತಿಗೂ ನನ್ನ ದನಿಯಾಗ ನಾನು ಮಾತಾಡ್ತೇನಿ.

ಅದಕ್ಕ ಹೇಳೂದು, ಹೊಳದದ್ದೆಲ್ಲ ಕ್ಯಾನ್ಸರ್ ಅಲ್ರಿ. ಆದ್ರ ಕಿವಿ ನೋವು, ದನಿ ಕೆಡೂದು, ನುಂಗಾಕ ಮತ್ತ ತ್ರಾಸಾಗೂದು, ಇವನ್ನ ಮಾತ್ರ ಮುಚ್ಚಿಡಬ್ಯಾಡ್ರಿ, ಮುಂದಿನ ಸ್ಕ್ಯಾನಿನ ತಾರೀಖಿನ ತನಕ ಕಾಯಬ್ಯಾಡ್ರಿ. ಗಂಟಲಿನ ನರ ಮತ್ತ ಕಿವಿ ನರ ಒಂದ ದಾರಿಯಾಗ ಕೂಡ್ತಾವ, ಅದಕ್ಕ ಗಂಟಲದಾಗ ಇದ್ದದ್ದು ಕಿವಿಯಾಗ ನೋಯ್ತೈತಿ ಅಂತ ನಮ್ಮ ಡಾಕ್ಟರ್ ಹೇಳಿದ್ರು. ಮರುಕಳಿಸೂದು ಬಹಳಷ್ಟು ಮೊದಲಿನ ಎರಡು ಮೂರು ವರ್ಷದಾಗ ಅಂತ, ಅಲ್ಲೀತನಕ ತಿಂಗಳಿಗೊಮ್ಮೆ ಎರಡು ತಿಂಗಳಿಗೊಮ್ಮೆ ಕ್ಯಾಮೆರಾ ಹಾಕಿ ನೋಡ್ತಾರಲ್ರಿ, ಅದನ್ನ ಒಂದೂ ತಪ್ಪಿಸಬ್ಯಾಡ್ರಿ. ಕತ್ತಿಗೆ ರೇಡಿಯೇಷನ್ ಆದವರು ಥೈರಾಯ್ಡ್ ರಕ್ತ ಪರೀಕ್ಷಾನೂ ಮಾಡಿಸ್ಕೋಬೇಕು, ನನಗ ಮೂರನೇ ವರ್ಷಕ್ಕ ಕಮ್ಮಿ ಆತು, ಸುಸ್ತು ಅಂದ್ರ ಸುಸ್ತು, ಕ್ಯಾನ್ಸರ್ ವಾಪಸ್ ಬಂತು ಅಂತ ಅಂಜಿದ್ದೆ, ಒಂದು ಗುಳಿಗಿಗೆ ಸರಿ ಆತು.

ಫಿಲಂರೂಮ್:
ಐದನೇವರ್ಷ ಅವರ ಕಥೆ ನಮ್ಮ ಹೊಸ ಡಾಕ್ಟರ್‌ಗಳಿಗೆ ಓದಿಸ್ಬೇಕು ಅನ್ನಿಸ್ತು. ಎಸ್‌ಯುವಿ ಅಂಕಿ ದೊಡ್ಡದಿದ್ದ ಮಾತ್ರಕ್ಕೆ ತೀರ್ಪು ಅಲ್ಲ. 2011ರಲ್ಲಿ 51 ಅಧ್ಯಯನ, 2,335 ರೋಗಿಗಳನ್ನ ಒಟ್ಟು ಸೇರಿಸಿ ಲೆಕ್ಕ ಹಾಕಿದ್ರು. ಚಿಕಿತ್ಸೆ ನಂತರದ ಪೆಟ್ ಏನೂ ಇಲ್ಲ ಅಂದ್ರೆ ಅದು ನಿಜ ಆಗಿರೋದು ನೂರಕ್ಕೆ ಸುಮಾರು 95. ಇದೆ ಅಂದ್ರೆ ನಿಜ ಆಗಿರೋದು ಗಂಟಲಲ್ಲಿ 59ರ ಹತ್ರ, ಕತ್ತಿನ ಗಂಟಿನಲ್ಲಿ 52. ನಾನು ಮನೆಯವರಿಗೆ ಇದನ್ನೇ ಹೇಳ್ತೀನಿ, ಸ್ಕ್ಯಾನ್ ಇಲ್ಲ ಅಂದಾಗ ಅದನ್ನ ನಂಬಿ, ಇದೆ ಅಂದಾಗ ಪ್ರಶ್ನೆ ಕೇಳಿ.

ರಿಪೋರ್ಟ್‌ನಲ್ಲಿ ನೈ-ರಾಡ್ಸ್ ಅಂತ ಒಂದು ಅಂಕಿ ಬರಬಹುದು, ಗಂಟಲಿಗೊಂದು ಕತ್ತಿಗೊಂದು. 1 ಅಂದ್ರೆ ಏನೂ ಕಾಣ್ತಿಲ್ಲ, 2 ಅಂದ್ರೆ ಸಣ್ಣ ಅನುಮಾನ, 3 ಅಂದ್ರೆ ಬಯಾಪ್ಸಿ ಮಾಡಿ ಅನ್ನೋ ಮಟ್ಟದ ಅನುಮಾನ, 4 ಅಂದ್ರೆ ಖಚಿತ. 2017ರಲ್ಲಿ ಒಂದು ಕಡೆ 618 ಜಾಗಗಳನ್ನ ಹೀಗೆ ಗುರುತು ಹಾಕಿ ಮುಂದೆ ಏನಾಯ್ತು ಅಂತ ನೋಡಿದಾಗ 1 ಬಂದದ್ದರಲ್ಲಿ ನೂರಕ್ಕೆ ಸುಮಾರು 4, 2ರಲ್ಲಿ 17, 3ರಲ್ಲಿ 59 ಕಡೆ ಕ್ಯಾನ್ಸರ್ ಇತ್ತು. ಭವಿಷ್ಯ ಹೇಳೋದು ಅಂದ್ರೆ ಸದ್ಯಕ್ಕೆ ಕೈಗೆ ಸಿಗೋದು ಇದು. ದೊಡ್ಡ ಕಂಪ್ಯೂಟರ್ ಏನಿಲ್ಲ, ಹಳೇ ಸ್ಕ್ಯಾನ್ ಪಕ್ಕ ಹೊಸದನ್ನಿಟ್ಟು ಕೂತು ನೋಡಿ ಹಾಕಿದ ಗುರುತು.

ಅಪ್ಪನಮಗಳು, ಬಯಾಪ್ಸಿ ರಿಪೋರ್ಟ್‌ನಲ್ಲಿ ಪಿ16 ಅಂತ ಏನಾದ್ರೂ ಇದೆಯಾ ನೋಡಿ. ಎಚ್‌ಪಿವಿ ವೈರಸ್‌ನಿಂದ ಬಂದದ್ದಾ ಅಂತ ಅದರಿಂದ ಗೊತ್ತಾಗುತ್ತೆ. 2010ರ ಒಂದು ದೊಡ್ಡ ಅಧ್ಯಯನದಲ್ಲಿ ಮೂರು ವರ್ಷಕ್ಕೆ ಬದುಕಿದ್ದವರು ಎಚ್‌ಪಿವಿ ಇದ್ದ ಗುಂಪಲ್ಲಿ 82.4%, ಇಲ್ಲದ ಗುಂಪಲ್ಲಿ 57.1%. ಹಾಗಾಗಿ ಒಂದೇ ಥರ ಮಂಕಾಗಿ ಹೊಳೆಯೋ ಗಂಟು ಇಬ್ಬರಿಗೆ ಇದ್ರೂ ಒಬ್ಬರಿಗೆ ಕಾಯೋಣ ಅಂತೀವಿ, ಇನ್ನೊಬ್ಬರಿಗೆ ಸೂಜಿ ಹಾಕಿ ಕೋಶ ತೆಗೆದು ನೋಡೋಣ ಅಂತೀವಿ.

ಅಪ್ಪನಮಗಳು:
ಪಿ16 ನೆಗೆಟಿವ್ ಅಂತಿದೆ. ಅಪ್ಪ ಮೂವತ್ತು ವರ್ಷ ಸಿಗರೇಟ್ ಸೇದಿದ್ದಾರೆ. ಗೊತ್ತಾಯ್ತು. ಸ್ಕ್ಯಾನ್ ಆದ್ಮೇಲೆ ಬಂದು ಬರೀತೀನಿ.

(ಐದು ವಾರದ ನಂತರ)

ಅಪ್ಪನಮಗಳು:
ಸ್ಕ್ಯಾನ್ ಆಯ್ತು. ಅಪ್ಪ ಒಂದು ಗಂಟೆ ಒಂದು ಮಾತೂ ಆಡದೆ ಗೋಡೆ ನೋಡ್ತಾ ಕೂತಿದ್ರು. ಗಂಟಲು 1. ಕತ್ತು 2. ಎಡಗಡೆ ದೊಡ್ಡದಿದ್ದ ಗಂಟು ಅರ್ಧಕ್ಕಿಂತ ಸಣ್ಣ ಆಗಿದೆ, ಆದ್ರೆ ಮಂಕಾಗಿ ಇನ್ನೂ ಹೊಳೀತಿದೆ. ಗಂಟಲು ಕ್ಲೀನ್ ಅಂತ ಕೇಳಿ ಖುಷಿ ಪಡ್ಬೇಕೋ ಕತ್ತಿನದ್ದು ಕೇಳಿ ಹೆದರ್ಬೇಕೋ ಗೊತ್ತಾಗದೆ ಆಸ್ಪತ್ರೆ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಪಿ16 ನೆಗೆಟಿವ್, ಸಿಗರೇಟ್ ಇತಿಹಾಸ ಇದೆ, ಹಾಗಾಗಿ ಬರೀ ಕಾಯೋದು ಬೇಡ, ಅಲ್ಟ್ರಾಸೌಂಡ್ ನೋಡ್ಕೊಂಡು ಸೂಜಿ ಹಾಕಿ ತೆಗೆಯೋಣ ಅಂತ ಡಾಕ್ಟರ್ ಅವರಾಗೇ ಹೇಳಿದ್ರು. ಇಲ್ಲಿ ಓದಿಲ್ಲದಿದ್ರೆ ಸೂಜಿ ಅಂದ ತಕ್ಷಣ ಕ್ಯಾನ್ಸರ್ ಬಂದೇಬಿಡ್ತು ಅಂದ್ಕೊಳ್ತಿದ್ದೆ.

ಕಾಯ್ತಿರೋನು:
ನಾವೂ ನಿಮ್ಮ ಜೊತೆ ಕಾಯ್ತಿದ್ದೀವಿ ಅಮ್ಮ. ಎಷ್ಟು ಹೊತ್ತಿಗಾದ್ರೂ ಬರೀರಿ.

ಫಿಲಂರೂಮ್:
ಒಳ್ಳೇ ನಿರ್ಧಾರ. ಒಂದು ವಿಷಯ ಮೊದಲೇ ತಿಳ್ಕೊಂಡಿರಿ, ಸೂಜಿಯಲ್ಲಿ ಕ್ಯಾನ್ಸರ್ ಕೋಶ ಸಿಕ್ರೆ ಅದು ಖಚಿತ. ಸಿಗದಿದ್ರೆ ಇಲ್ಲ ಅಂತ ಪೂರ್ತಿ ಖಚಿತ ಅಲ್ಲ, ರೇಡಿಯೇಷನ್ ಆದ ಗಂಟಿನಲ್ಲಿ ಸತ್ತ ಭಾಗ ಜಾಸ್ತಿ, ಸೂಜಿ ಅಲ್ಲಿಗೆ ಹೋಗಿರಬಹುದು. ಹಾಗಾಗಿ ನೆಗೆಟಿವ್ ಬಂದ್ರೂ ಮತ್ತೊಂದು ಸ್ಕ್ಯಾನ್ ಅಂದ್ರೆ ಗಾಬರಿ ಬೇಡ.

(ಒಂಬತ್ತು ದಿನದ ನಂತರ)

ಅಪ್ಪನಮಗಳು:
ಸೂಜಿ ರಿಪೋರ್ಟ್ ಬಂತು. ಸತ್ತ ಅಂಗಾಂಶ, ಉರಿಯೂತದ ಕೋಶ, ಕ್ಯಾನ್ಸರ್ ಕೋಶ ಕಂಡಿಲ್ಲ ಅಂತಿದೆ. ಎಂಟು ವಾರ ಬಿಟ್ಟು ಅದೇ ಮೆಷಿನ್‌ನಲ್ಲಿ ಇನ್ನೊಂದು ಸ್ಕ್ಯಾನ್, ಅಷ್ಟರೊಳಗೆ ಗಂಟು ಒಂದು ಚೂರು ಬೆಳೆದಂಗೆ ಅನ್ಸಿದ್ರೂ ಬಂದುಬಿಡಿ ಅಂದಿದ್ದಾರೆ. ಅದೇ ಮೆಷಿನ್ ಅಂತ ನಾನೇ ಕೇಳಿ ಬರೆಸ್ಕೊಂಡೆ. ದಿನಾ ಬೆಳಿಗ್ಗೆ ಅಪ್ಪನ ಕತ್ತು ಮುಟ್ಟಿ ನೋಡ್ತೀನಿ, ಇವತ್ತು ಅವರೇ ನನ್ನ ಕೈ ಹಿಡ್ಕೊಂಡು ಆ ಜಾಗಕ್ಕೆ ಇಟ್ರು.